ಹಾಯಿಯ ನೆರಿಗೆ

ನನ್ನವರಿಗೆ ದೋಣಿಯ ಹುಚ್ಚು ಹಿಡಿದದ್ದು ವಯಸ್ಸು ಅರವತ್ತರ ಹತ್ತಿರ ಬಂದಮೇಲೆ. ಅದಕ್ಕೆ ಮೊದಲು ಇದ್ದ ಹುಚ್ಚುಗಳೆಲ್ಲ ನೆಲದ ಮೇಲಿನವು. ಫೋಟೋ ತೆಗೆಯುವುದು, ಹಿತ್ತಿಲಲ್ಲಿ ಬದನೆ ಬೆಳೆಯುವುದು, ಹಳೆಯ ರೇಡಿಯೋ ಬಿಚ್ಚಿ ಮತ್ತೆ ಜೋಡಿಸದೆ ಊಟದ ಮೇಜಿನ ಮೇಲೆ ಹರಡಿಡುವುದು. ಇಷ್ಟನ್ನು ಯಾವ ಹೆಂಡತಿಯಾದರೂ ಸಹಿಸಿಕೊಂಡಾಳು. ಆದರೆ 2011ರ ಒಂದು ಭಾನುವಾರ ಅಮೆರಿಕದ ಅನಾಪೊಲಿಸ್ ಊರಿನ ಬಳಿ, ತೊರೆಯೊಂದರಲ್ಲಿ ಕಟ್ಟಿದ್ದ 22 ಅಡಿಯ ಹಳೆಯ ಹಾಯಿದೋಣಿಯನ್ನು ತೋರಿಸಿ "ಇನ್ನುಮೇಲೆ ಇದು ನಮ್ಮದು ಕಣೇ" ಎಂದಾಗ ನನಗೆ ಕಾಲ ಕೆಳಗಿನ ಹಲಗೆ ಅಲ್ಲಾಡಿದಂತಾಯಿತು. ಹಲಗೆ ನಿಜವಾಗಿಯೂ ಅಲ್ಲಾಡುತ್ತಿತ್ತು ಅನ್ನಿ.

ನಾನು ತೀರ್ಥಹಳ್ಳಿಯವಳು. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ತುಂಗೆಯ ತೆಪ್ಪೋತ್ಸವವನ್ನು ದಡದಲ್ಲಿ ನಿಂತು, ಅಮ್ಮನ ಸೆರಗು ಹಿಡಿದು ನೋಡಿದ್ದೇ ನನಗೆ ದೋಣಿಯ ಪರಿಚಯ. ಈಜು ಬಾರದು. "ಚೆಸಪೀಕ್ ಕೊಲ್ಲಿ ಮುನ್ನೂರಿಪ್ಪತ್ತು ಕಿಲೋಮೀಟರ್ ಉದ್ದ ಇದ್ದರೇನು, ಸರಾಸರಿ ಆಳ ಬರೀ 21 ಅಡಿ" ಎಂದು ಇವರು ಧೈರ್ಯ ಹೇಳಿದರು. ನಮ್ಮ ತವರಿನ ಬಾವಿ ಅದಕ್ಕಿಂತ ಆಳ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಂತೂ ಲೈಫ್ ಜಾಕೆಟ್ ಬಿಗಿದುಕೊಂಡು ಹೋಗುತ್ತಿದ್ದೆ. ಪುಳಿಯೋಗರೆ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ, ಕೈಯಲ್ಲಿ ಒಂದು ಕಾದಂಬರಿ. ದೋಣಿಯ ಕೆಲಸ ಇವರದು, ಕೂತುಕೊಳ್ಳುವ ಕೆಲಸ ನನ್ನದು.

ಇಂಥ ದೋಣಿಗೆ ಹಾಯಿ ಎರಡು. ಮುಂದಿನದು ಚಿಕ್ಕದು, ಅದರ ತಂಟೆ ಕಡಿಮೆ. ದೊಡ್ಡ ಹಾಯಿ ನಡುವಿನ ಕಂಬದ ಹಿಂದೆ ನಿಲ್ಲುತ್ತದೆ. ಅದರ ಒಂದು ಅಂಚು ಕಂಬದ ಸೀಳಿನಲ್ಲಿ, ಬುಡ ಒಂದು ಅಡ್ಡಮರದ ಮೇಲೆ. ಆ ಅಡ್ಡಮರಕ್ಕೆ ಬೂಮ್ ಎನ್ನುತ್ತಾರೆ. ಏರಿಸುವ ಹಗ್ಗವನ್ನು ಕಂಬಕ್ಕೇ ಸುತ್ತಿ ಕಟ್ಟಿರುತ್ತಾರೆ. ಇಳಿಸಬೇಕೆಂದರೆ ಒಬ್ಬರು ಕ್ಯಾಬಿನ್ನಿನ ಮಾಡಿನ ಮೇಲೆ ಹತ್ತಿ, ಕುಣಿಯುವ ದೋಣಿಯಲ್ಲಿ ಕಂಬದ ಬುಡದಲ್ಲಿ ನಿಂತು, ಹಗ್ಗ ಬಿಟ್ಟು, ಬಟ್ಟೆಯನ್ನು ಕೈಯಿಂದ ಎಳೆಯಬೇಕು. ಎರಡು ಕೈಯಲ್ಲಿ ಹಾಯಿ ಎಳೆದರೆ ತನ್ನನ್ನು ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿಂದ ಬರಬೇಕು?

2016ರ ಆಗಸ್ಟಿನಲ್ಲಿ ಆದದ್ದು ಅದೇ. ಅಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಶ್ಚಿಮದಿಂದ ಗುಡುಗು ಮಳೆ ಹೇಳದೆ ಕೇಳದೆ ನುಗ್ಗುತ್ತದೆ. ಕಪ್ಪು ಮೋಡ ಕಂಡಕೂಡಲೇ ಇವರು ಚುಕ್ಕಾಣಿಯ ಹಿಡಿಯನ್ನು ನನ್ನ ಕೈಗೆ ಕೊಟ್ಟು, "ಮೂತಿಯನ್ನು ಗಾಳಿಯ ಎದುರಿಗೇ ಇಟ್ಟುಕೋ" ಎಂದು ಹೇಳಿ ಮೇಲೆ ಹತ್ತಿದರು. ಹಾಯಿ ಅರ್ಧ ಇಳಿದು ನಿಂತುಬಿಟ್ಟಿತು. ಇವರು ಜಗ್ಗಿದರು, ಮತ್ತೆ ಜಗ್ಗಿದರು. ಆಮೇಲೆ ನೋಡಿದರೆ ನನ್ನ ಕಾಲ ಬಳಿ ಬಿದ್ದಿದ್ದಾರೆ, ಬಲಗೈ ಮೈಕೆಳಗೆ ಮಡಿಸಿಕೊಂಡಿದೆ. ನಾನು ಹಿಡಿ ಬಿಟ್ಟು ಇವರನ್ನು ಎತ್ತಹೋದೆ. ದೋಣಿ ಗಿರ್ರನೆ ತಿರುಗಿತು, ಬೂಮ್ ನನ್ನ ತಲೆಯ ಮೇಲೆ ಒಂದು ಗೇಣು ಬಿಟ್ಟು ಹಾದುಹೋಯಿತು. ಹತ್ತಿರವಿದ್ದ ಮೋಟಾರು ದೋಣಿಯವರು ಬಂದು ನಮ್ಮನ್ನು ದಡಕ್ಕೆ ಎಳೆದುಕೊಂಡು ಹೋದರು.

ಭುಜದ ಸ್ನಾಯು ಹರಿದಿತ್ತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ವ್ಯಾಯಾಮ ಆಯಿತು. ಕೈ ತಲೆಯಿಂದ ಮೇಲೆ ಹೋಗಲಿಲ್ಲ. ಅಂಗಿ ತೊಡುವಾಗ ತೋಳನ್ನು ನಾನು ಹಿಡಿದುಕೊಡಬೇಕಿತ್ತು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಇವರು ಪೇಪರು ಓದುತ್ತಾ, ತಲೆ ಎತ್ತದೆ, "ದೋಣಿ ಮಾರಿಬಿಡೋಣ" ಎಂದರು. ಐದು ವರ್ಷದಿಂದ ಆ ಮಾತಿಗಾಗಿ ಕಾದಿದ್ದವಳು ನಾನು. ಆದರೆ ಆ ಮೂರು ತಿಂಗಳಲ್ಲಿ ಇವರು ಒಂದು ರೇಡಿಯೋ ಕೂಡ ಬಿಚ್ಚಿರಲಿಲ್ಲ. ಮೇಜು ಖಾಲಿಯಾಗಿ, ಚೊಕ್ಕಟವಾಗಿ ಇರುತ್ತಿತ್ತು. ಆ ಚೊಕ್ಕಟವನ್ನು ನೋಡಿ ನನಗೇ ಹೆದರಿಕೆಯಾಗಿತ್ತು.

"ಮಾರಬೇಡಿ" ಎಂದೆ. "ಒಂದು ಮಾತು ಕೇಳ್ತೀನಿ. ನಾವು ಬಾವಿಯಿಂದ ನೀರು ಸೇದುವಾಗ ಬಾವಿಯೊಳಗೆ ಇಳಿತಿದ್ವಾ? ಹಗ್ಗ ನಮ್ಮ ಕೈಗೆ ಬರಬೇಕು ತಾನೆ? ನಾವೇಕೆ ಹಗ್ಗದ ಹತ್ತಿರ ಹೋಗಬೇಕು?"

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಥ ಏರ್ಪಾಡುಗಳೆಲ್ಲ ಇವೆ, ಇಲ್ಲದೆ ಏನು ಎಂದರು. ಕೂತಲ್ಲೇ ಹಗ್ಗ ಬರುವ ಹಾಗೆ ರಾಟೆ ಹಾಕಿಸಬಹುದು, ಇಳಿದ ಹಾಯಿ ಚೆಲ್ಲದಂತೆ ಅಕ್ಕಪಕ್ಕ ಹಗ್ಗದ ಬಲೆ ಕಟ್ಟಬಹುದು. ಅದರ ಹೆಸರೇ 'ಲೇಜಿ ಜ್ಯಾಕ್', ಅಂದರೆ ಸೋಮಾರಿ ಜ್ಯಾಕ್. "ಅದೆಲ್ಲ ಸೋಮಾರಿಗಳಿಗೆ" ಎಂದು ಮತ್ತೆ ಪೇಪರಿನಲ್ಲಿ ಮುಖ ಹುದುಗಿಸಿದರು.

ಆ ಹೆಸರು ಇಟ್ಟವನ ಮೇಲೆ ನನಗೆ ಈಗಲೂ ಸಿಟ್ಟಿದೆ. ರುಬ್ಬುವ ಕಲ್ಲು ಬಿಟ್ಟು ಮಿಕ್ಸಿ ತಂದಾಗ ನಮ್ಮತ್ತೆ ಹೇಳಿದ್ದೂ ಅದೇ ಮಾತು. ಅದೃಷ್ಟಕ್ಕೆ ಡಿಸೆಂಬರಿನಲ್ಲಿ ಮಗಳು ಬಂದಾಗ, ಕೊಲ್ಲಿಯ ಆಚೆ ದಡದ ಸೇಂಟ್ ಮೈಕಲ್ಸ್ ಊರಿನಲ್ಲಿರುವ ಕಡಲ ವಸ್ತುಸಂಗ್ರಹಾಲಯಕ್ಕೆ ಎಲ್ಲರೂ ಹೋದೆವು. ಅಲ್ಲಿ ಸಿಂಪಿ ಹಿಡಿಯುವ ಸ್ಕಿಪ್‌ಜ್ಯಾಕ್ ಎಂಬ ಹಾಯಿದೋಣಿ ಇದೆ. ಮೇರಿಲ್ಯಾಂಡ್ ಅದನ್ನು 1985ರಲ್ಲಿ ತನ್ನ ರಾಜ್ಯದ ದೋಣಿ ಎಂದು ಸಾರಿತು. ಕೊರೆಯುವ ಚಳಿಗಾಲದಲ್ಲಿ, ಕೆಲವೇ ಆಳುಗಳು, ಅಷ್ಟು ದೊಡ್ಡ ಹಾಯಿಯನ್ನು ಏರಿಸಿ ಇಳಿಸಿ ಹೊಟ್ಟೆ ಹೊರೆಯುತ್ತಿದ್ದ ದೋಣಿ ಅದು. ಅದರ ಕಂಬದಿಂದ ಬೂಮಿಗೆ ಎರಡೂ ಕಡೆ ಇಳಿಬಿದ್ದಿದ್ದವು ಅದೇ ಸೋಮಾರಿ ಹಗ್ಗಗಳು! ನಾನು ಏನೂ ಹೇಳಲಿಲ್ಲ, ಬೆರಳು ತೋರಿಸಿದೆ ಅಷ್ಟೆ. ಇವರು ತುಂಬ ಹೊತ್ತು ಅಲ್ಲೇ ನಿಂತಿದ್ದರು.

ಆ ಚಳಿಗಾಲ ನಮ್ಮ ಗ್ಯಾರೇಜು ಹಗ್ಗದಂಗಡಿಯಾಯಿತು. ದೋಣಿಯಿಂದ ಇಳಿಸಿದ ಕಂಬವನ್ನು ಎರಡು ಸ್ಟೂಲುಗಳ ಮೇಲೆ ಅಡ್ಡ ಮಲಗಿಸಿದ್ದೆವು. ಅರ್ಧ ಒಳಗೆ, ಅರ್ಧ ಹೊರಗೆ. ಮೊದಲು ಅದರ ಸೀಳು ತೊಳೆದೆವು. ಹಾಯಿಯ ಅಂಚಿಗೆ ಸಾಲಾಗಿ ಹೊಲಿದ ಪ್ಲಾಸ್ಟಿಕ್ ಕೊಂಡಿಗಳು ಈ ಸೀಳಿನಲ್ಲಿ ಜಾರಬೇಕು. ಎಣ್ಣೆ ಹಾಕಿದರೆ ಧೂಳು ಕಚ್ಚಿಕೊಳ್ಳುತ್ತದೆ ಎಂದು ಇವರು ಚಿಂತಿಸುತ್ತಿದ್ದಾಗ ನಾನು ಒಳಗಿನಿಂದ ಮೇಣದ ಬತ್ತಿಯ ತುಂಡು ತಂದು ಕೊಂಡಿಗಳಿಗೆ ತಿಕ್ಕಿದೆ. ಬ್ಯಾಗಿನ ಜಿಪ್ಪು ಸಿಕ್ಕಿಕೊಂಡರೆ ನಾವು ಮಾಡುವುದು ಅದನ್ನೇ ಅಲ್ಲವೆ? ಸರಾಗವಾಗಿ ಓಡಿತು.

ಆಗಲೇ ಇವರು ವಿವರಿಸುತ್ತಿದ್ದ ಒಂದು ಮಾತು ನನ್ನನ್ನು ಚುಚ್ಚಿತು. ಹಾಯಿಯಲ್ಲಿ ಗಾಳಿ ತುಂಬಿರುವಾಗ ಕೊಂಡಿಗಳು ಸೀಳಿನ ಅಂಚಿಗೆ ಒತ್ತಿಕೊಳ್ಳುತ್ತವೆ, ಎಷ್ಟು ಎಳೆದರೂ ಜಗ್ಗುವುದಿಲ್ಲ. ದೋಣಿಯ ಮೂತಿ ನೇರ ಗಾಳಿಗಿದ್ದರೆ ಮಾತ್ರ ಬಟ್ಟೆ ಸಡಿಲವಾಗಿ ಇಳಿಯುತ್ತದೆ. ಅಂದು ಚುಕ್ಕಾಣಿ ಯಾರ ಕೈಯಲ್ಲಿತ್ತು? ಮಿಂಚಿಗೆ ಹೆದರಿ ಕಣ್ಣು ಮುಚ್ಚಿದವಳು ಯಾರು?

"ಅವತ್ತು ಹಾಯಿ ಸಿಕ್ಕಿಕೊಂಡದ್ದು ನನ್ನಿಂದ, ಅಲ್ವೇನ್ರೀ?" ಎಂದೆ.

ಇವರು ಸೀಳಿನಿಂದ ಕೆದಕಿ ತೆಗೆದ ಒಣ ಮಣ್ಣಿನ ಹೆಂಟೆಯನ್ನು ಎಡಗೈಯಲ್ಲಿ ಹಿಡಿದು ತೋರಿಸಿದರು. ಕುಂಬಾರ ಹುಳದ ಗೂಡು. "ನೋಡು, ಇದು ಅಡ್ಡ ಇತ್ತು" ಎಂದರು. ಆ ಹೆಂಟೆ ನನ್ನ ಹೆಬ್ಬೆರಳಿನಷ್ಟಿತ್ತು. ಅದು ಹಾಯಿ ಏರುವಾಗ ಅಡ್ಡ ಬರದೆ ಇಳಿಯುವಾಗ ಮಾತ್ರ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಆಗಸ್ಟಿನಿಂದ ಇವರಿಗೆ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮಿಕ್ಕ ಕೆಲಸ ಹಗ್ಗಗಳದು. ಏರಿಸುವ ಹಗ್ಗವನ್ನು ಕಂಬದ ಬುಡದಲ್ಲಿ ಒಂದು ರಾಟೆಯ ಮೂಲಕ ತಿರುಗಿಸಿ, ಮಾಡಿನ ಮೇಲೆ ಹಾಯಿಸಿ, ನಾವು ಕೂರುವ ಕಟ್ಟೆಯ ತನಕ ತಂದೆವು. ಅಲ್ಲಿ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಹಿಡಿಯುವ ಒಂದು ಕ್ಲೀಟು. ಒಂದೊಂದು ತಿರುವಿಗೂ ಎಳೆತ ಭಾರವಾಗುತ್ತದೆ, ಆದ್ದರಿಂದ ತಿರುವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಾಯಿಯ ತಲೆಗೆ ಇನ್ನೊಂದು ತೆಳು ಹಗ್ಗ ಕಟ್ಟಿ ಅದನ್ನೂ ಹಾಗೇ ತಂದೆವು. ಹಾಯಿ ಹಟ ಹಿಡಿದರೆ ಕೂತಲ್ಲಿಂದಲೇ ಕೆಳಗೆ ಎಳೆಯಲು. ಹಾಯಿ ಇಳಿದಾಗ ಬೂಮ್ ನಮ್ಮ ತಲೆಯ ಮೇಲೆ ಬೀಳದಂತೆ ಕಂಬದ ತುದಿಯಿಂದ ಅದರ ತುದಿಗೆ ಒಂದು. ಕೊನೆಗೆ ಸೋಮಾರಿ ಹಗ್ಗಗಳು, ಕಂಬದ ಎರಡೂ ಬದಿಯಿಂದ ಇಳಿದು ಕವಲೊಡೆದು ಬೂಮಿಗೆ ಸೇರುವಂಥವು.

ಏಪ್ರಿಲಿನಲ್ಲಿ ಕಟ್ಟೆಯ ಬಳಿಯೇ ಪರೀಕ್ಷೆ. ನಾನು ಹಗ್ಗ ಎಳೆದೆ. ಹಾಯಿ ಗಂಭೀರವಾಗಿ ಏರುತ್ತಾ ಹೋಗಿ, ಅದರೊಳಗಿನ ಪಟ್ಟಿ ಸೋಮಾರಿ ಹಗ್ಗಕ್ಕೆ ಸಿಕ್ಕಿ, ಕೊಡೆ ಮಗುಚಿದ ಹಾಗೆ ನಿಂತಿತು. ಇಳಿಸಲು ಮಾಡಿದ್ದು ಏರಿಸಲು ಅಡ್ಡ! ಇವರು ನಕ್ಕರು. ಆಗಸ್ಟಿನ ಮೇಲೆ ಮೊದಲ ಸಲ, ಭುಜ ನೋಯುವ ತನಕ ನಕ್ಕರು. ಆಮೇಲೆ ಆ ಹಗ್ಗಗಳನ್ನು ಸಡಿಲಿಸಿ ಕಂಬದ ಪಕ್ಕಕ್ಕೆ ಕೊಕ್ಕೆ ಹಾಕಿಡುವ, ಇಳಿಸುವ ಮುಂಚೆ ಮಾತ್ರ ಬಿಗಿಯುವ ಉಪಾಯ ಮಾಡಿದೆವು. ಅದಕ್ಕೆ ಮತ್ತೂ ಒಂದು ಹಗ್ಗ. ಎಲ್ಲವೂ ಬಿಳಿ, ಎಲ್ಲವೂ ಒಂದೇ ಕಡೆ, ಸೇವಿಗೆಯ ರಾಶಿಯಂತೆ. ನಾನು ಹಟ ಮಾಡಿ ಬೇರೆ ಬೇರೆ ಬಣ್ಣದವನ್ನು ತರಿಸಿದೆ. ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸುವ ಚೀಟಿಗಳಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದೆ: ಏರು, ಇಳಿ, ಸೋಮಾರಿ. ಗಾಳಿ ಜೋರಾದಾಗ ಹಾಯಿಯ ಬುಡವನ್ನು ಬೂಮಿಗೆ ಬಿಗಿದು ಚಿಕ್ಕದು ಮಾಡುವ ಏರ್ಪಾಡೂ ಇದೆ, ಗದ್ದೆಗೆ ಇಳಿಯುವ ಹೆಂಗಸರು ಸೀರೆ ಎತ್ತಿ ಸಿಕ್ಕಿಸುವ ಹಾಗೆ. ಅದು ನಮಗೆ ಆ ವರ್ಷ ಸರಿಯಾಗಿ ಕೂಡಿಬರಲಿಲ್ಲ.

2017ರ ಜುಲೈ. ಮತ್ತೆ ಪಶ್ಚಿಮದಲ್ಲಿ ಕಪ್ಪು. ಇವರು ಹಳೆಯ ಅಭ್ಯಾಸದಿಂದ ಎದ್ದು ಮಾಡಿನ ಕಡೆ ಎಡಗೈ ಚಾಚಿದರು.

"ಕೂತ್ಕೊಳ್ರೀ. ಚುಕ್ಕಾಣಿ ನೀವು ಹಿಡ್ಕೊಳ್ಳಿ, ಮೂತಿ ಗಾಳಿಗೆ ಇರಲಿ" ಎಂದೆ. ಇಷ್ಟು ವರ್ಷದಲ್ಲಿ ನಾನು ಆ ದನಿಯಲ್ಲಿ ಮಾತಾಡಿರಲಿಲ್ಲ. ಇವರು ಕೂತರು. 'ಸೋಮಾರಿ' ಬಿಗಿದೆ. 'ಏರು' ಕ್ಲೀಟಿನಿಂದ ಬಿಡಿಸಿದೆ. ಹಾಯಿ ಪಟಪಟನೆ ಬಡಿಯುತ್ತಾ ಮುಕ್ಕಾಲು ಪಾಲು ತಾನೇ ಇಳಿಯಿತು, ಮಿಕ್ಕದ್ದನ್ನು 'ಇಳಿ' ಹಿಡಿದು ಎಳೆದೆ. ಎರಡು ಹಗ್ಗಗಳ ನಡುವೆ ಬಟ್ಟೆ ಬೂಮಿನ ಮೇಲೆ ಬಂದು ಕೂತಿತು, ಅತ್ತ ಒಂದು ಮಡಿಕೆ, ಇತ್ತ ಒಂದು ಮಡಿಕೆ. ನನ್ನ ಅಂಗೈ ಉರಿಯುತ್ತಿತ್ತು. ಮೊದಲ ಹನಿಗಳು ಬಿದ್ದವು.

ಇವರು ಮೋಟಾರು ಹಚ್ಚಿ, ಕತ್ತು ಓರೆ ಮಾಡಿ ಹಾಯಿಯನ್ನು ನೋಡಿದರು. "ನೆರಿಗೆ ಸರಿಯಾಗಿ ಬಿದ್ದಿಲ್ಲ ಕಣೇ" ಎಂದರು.

"ನಲವತ್ತು ವರ್ಷ ಸೀರೆ ಉಟ್ಟವಳಿಗೆ ನೆರಿಗೆ ಹೇಳಿಕೊಡಬೇಡಿ" ಎಂದೆ. ಆದರೂ ಎದ್ದು, ಕೈಗೆ ಎಟುಕುವಷ್ಟನ್ನು ತೀಡಿ, ಎರಡು ಕಡೆ ಪಟ್ಟಿ ಬಿಗಿದೆ. ಕಂಬದ ಹತ್ತಿರದ ಪಟ್ಟಿಯನ್ನು ದಡ ಸೇರಿದಮೇಲೆ ಕಟ್ಟಿದರಾಯಿತು ಎಂದು ಹಾಗೇ ಬಿಟ್ಟೆ.