ಗುಂಡಿ ಒತ್ತಲು ನಾಲ್ಕು ವರ್ಷ

ನಮ್ಮೂರು ಮ್ಹೈಸಾಳ ಕೃಷ್ಣೆಯ ದಂಡೆಯ ಮೇಲಿದೆ. ತಾಲೂಕು ಮಿರಜ, ಜಿಲ್ಲೆ ಸಾಂಗಲಿ. ಆದರೆ ಊರ ಹೊರಗಿನ ರಸ್ತೆ ಹಿಡಿದು ತುಸು ದೂರ ಹೋದರೆ ಕರ್ನಾಟಕದ ಕಾಗವಾಡ. ಹೀಗಾಗಿ ನಮ್ಮ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ತಂದೆಯವರು ಸಾಂಗಲಿಯ ಮಾರುತಿ ಚೌಕದ ಹತ್ತಿರದ ಗಲ್ಲಿಯೊಂದರಲ್ಲಿ ಮೂವತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದರು. ದಿನವೂ ಎಸ್.ಟಿ. ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅವರ ಬೆರಳುಗಳಿಗೆ ಹೈಪೋ ದ್ರಾವಣದ ವಾಸನೆ ಅಂಟಿಕೊಂಡಿರುತ್ತಿತ್ತು. ನನ್ನ ಬಾಲ್ಯದ ನೆನಪುಗಳೆಲ್ಲ ಆ ಕತ್ತಲೆಕೋಣೆಯ ಕೆಂಪು ದೀಪದ ಬೆಳಕಿನಲ್ಲೇ ಮೂಡಿದಂಥವು.

ಹನ್ನೆರಡನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯದಲ್ಲಿ ಛಾಯಾಗ್ರಹಣವನ್ನು ನಾಲ್ಕು ವರ್ಷಗಳ ಪದವಿಯಾಗಿ ಕಲಿಸುತ್ತಾರೆಂದು ನಾನು ಮನೆಯಲ್ಲಿ ಹೇಳಿದೆ. ಅಪ್ಪ ನಕ್ಕರು. “ಗುಂಡಿ ಒತ್ತಾಕ ನಾಕು ವರ್ಷ ಬೇಕೇನೋ ತಮ್ಮಾ? ಮಿರಜದಾಗ ತಂಬೂರಿ ಮಾಡೋರು ಯಾವ ಕಾಲೇಜಿಗೆ ಹೋಗ್ಯಾರ?” ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಿರಜಿನ ಕುಶಲಕರ್ಮಿಗಳು ತಲೆಮಾರುಗಳಿಂದ ಅಪ್ಪನ ಪಕ್ಕದಲ್ಲಿ ಕುಳಿತೇ ಸೋರೆಬುರುಡೆಗೆ ನಾದ ಕೊಡುವುದನ್ನು ಕಲಿತವರು. ಅವರ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕನ್ನಡಿಗರಲ್ಲೇ ನೋಡಿದರೂ ದಾರಿ ಒಂದೇ ಬಗೆಯದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಛಾಯಾಗ್ರಹಣದ ಪದವಿ ಪಡೆದವರಲ್ಲ. ಆದರೂ ದೇಶದ ಹಿರಿಯ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರಾಗಿ 1977ರಲ್ಲಿ ಪದ್ಮಶ್ರೀ ಪಡೆದರು. ಅದೇ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ರಮವಾಗಿ ಕಲಿತು ಮುಂಬಯಿಗೆ ಹೋದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ ಸ್ಟುಡಿಯೋದೊಳಗೆ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಒಬ್ಬರು ಶಾಲೆಯಲ್ಲಿ ಕಲಿತರು, ಇನ್ನೊಬ್ಬರು ದಾರಿಯಲ್ಲಿ ಕಲಿತರು. ಹಾಗಾದರೆ ನಾಲ್ಕು ವರ್ಷದ ಖರ್ಚೇಕೆ ಎಂಬ ಅಪ್ಪನ ಮಾತು ತೀರ ತಪ್ಪೆನ್ನಲು ಬರುತ್ತಿರಲಿಲ್ಲ. ಕೊನೆಗೆ ಅವ್ವ ತನ್ನ ಕೊರಳಿನ ಎರಡೆಳೆ ಸರವನ್ನು ಅಡವಿಡಲು ಕೊಟ್ಟಳು. ನಾನು 2015ರಲ್ಲಿ ಹೈದರಾಬಾದಿಗೆ ಹೋದೆ.

ಅಲ್ಲಿ ಮೊದಮೊದಲು ಕ್ಯಾಮೆರಾಕ್ಕಿಂತ ಪೆನ್ಸಿಲ್ಲನ್ನೇ ಹೆಚ್ಚಾಗಿ ಹಿಡಿದೆ. ಒಂದು ಮಡಕೆಯ ಮೇಲೆ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಆರಂಭವಾಗುತ್ತದೆಂದು ವಾರಗಟ್ಟಲೆ ನೋಡುತ್ತ ಕುಳಿತದ್ದುಂಟು. ಅನಂತರ ಬೆಳಕಿನ ಅಳತೆ, ಮಸೂರಗಳ ಗುಣ, ಛಾಯಾಗ್ರಹಣದ ಇತಿಹಾಸ, ಚಿತ್ರದಲ್ಲಿರುವ ವ್ಯಕ್ತಿಯ ಬಗ್ಗೆ ಚಿತ್ರ ತೆಗೆಯುವವನಿಗಿರುವ ಹೊಣೆ ಇವೆಲ್ಲ ಬಂದವು. ಗುರುಗಳೊಬ್ಬರು ಒಮ್ಮೆ ಹಳೆಯ ಚಿತ್ರಗಳ ಪ್ರತಿ ತೆಗೆಯುವ ವಿಧಾನವನ್ನು ಹೇಳಿಕೊಟ್ಟರು: ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ದೀಪ ಇಟ್ಟರೆ ಗಾಜಿನ ಹೊಳಪು ಕ್ಯಾಮೆರಾಕ್ಕೆ ಬೀಳದು. ನೆನೆದ ಚಿತ್ರಗಳನ್ನು ಉಳಿಸುವ ಬಗೆಯನ್ನೂ ಅಂದೇ ತಿಳಿಸಿದರು. ಆ ಪಾಠ ಅತ್ಯಂತ ನೀರಸವೆನಿಸಿ ನಾನು ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದೆ. ಜಾಹೀರಾತು, ಸಿನಿಮಾ, ದೊಡ್ಡ ನಗರದ ದೊಡ್ಡ ಹೆಸರು ನನ್ನ ಕಣ್ಣಲ್ಲಿದ್ದವು.

2019ರಲ್ಲಿ ಪದವಿ ಮುಗಿಸಿ ಊರಿಗೆ ಬಂದೆ. ಮುಂಬಯಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗಲೇ ಆಗಸ್ಟ್ ತಿಂಗಳ ಮಹಾಪೂರ ಬಂತು. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ 45 ಅಡಿ ಅಪಾಯದ ಮಟ್ಟ. ಆ ವರ್ಷ ನೀರು 57 ಅಡಿ ದಾಟಿತು. ಅಪ್ಪ ಎಚ್ಚರವಿಲ್ಲದವರಲ್ಲ. 2005ರ ಪೂರದ ನೀರು ನಿಂತಿದ್ದ ಗುರುತನ್ನು ಸ್ಟುಡಿಯೋದ ಗೋಡೆಯ ಮೇಲೆ ಬರೆದಿಟ್ಟು, ಅದಕ್ಕಿಂತ ಒಂದು ಗೇಣು ಮೇಲೆ ಹಲಗೆ ಹೊಡೆದು, ಮೂವತ್ತೆರಡು ವರ್ಷದ ನೆಗೆಟಿವ್‌ಗಳ ತಗಡಿನ ಡಬ್ಬಿಗಳನ್ನು ಅಲ್ಲಿ ಜೋಡಿಸಿದ್ದರು. ನದಿ ಆ ಗೇಣನ್ನೂ ಬಿಡಲಿಲ್ಲ.

ನೀರಿಳಿದ ಮೇಲೆ ಹೋಗಿ ಬಾಗಿಲು ತೆರೆದೆವು. ಡಬ್ಬಿಗಳಲ್ಲಿ ರಾಡಿ ತುಂಬಿತ್ತು. ನೆಗೆಟಿವ್ ಮತ್ತು ಹಳೆಯ ಚಿತ್ರಗಳ ಮೇಲ್ಪದರ ಜೆಲಟಿನ್‌ನದು; ದನಗಳ ಚರ್ಮ, ಎಲುಬುಗಳಿಂದ ಮಾಡಿದ ಆ ಪದರ ಹೆಚ್ಚು ದಿನ ನೆನೆದರೆ ಕೊಳೆತು ಜಾರಿಹೋಗುತ್ತದೆ. ಎರಡು ದಿನದೊಳಗೆ ಕೈಗೆ ಸಿಕ್ಕಿದ್ದರೆ ಬಹಳಷ್ಟನ್ನು ಉಳಿಸಬಹುದಿತ್ತು. ಆಗಲೇ ವಾರ ಮೀರಿತ್ತು. ಅಪ್ಪ ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದರು. ಮದುವೆಯ ಅಕ್ಷತೆಯ ದೃಶ್ಯ ಅವರ ಹೆಬ್ಬೆರಳಿನ ಕೆಳಗೇ ಲೋಳೆಯಾಗಿ ಇಳಿಯಿತು. ಅವರು ಏನನ್ನೂ ಹೇಳಲಿಲ್ಲ. ಆ ದಿನದ ಮಟ್ಟಿಗೆ ಅವರು ಮಾತನ್ನೇ ಆಡಲಿಲ್ಲ.

ಆಗ ನನಗೆ ಆ ನೀರಸ ಪಾಠ ನೆನಪಾಯಿತು. ಒಂದಕ್ಕೊಂದು ಅಂಟಿದ ಚಿತ್ರಗಳನ್ನು ಒಣಗಿದ ಮೇಲೆ ಕೀಳಬಾರದು. ತಣ್ಣೀರಿನಲ್ಲಿ ನೆನೆಸಿ ತಾವಾಗಿ ಬಿಡುವಂತೆ ಮಾಡಬೇಕು. ಮುಖ ಮೇಲಾಗಿ ಬಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಆರಿಸಬೇಕು. ಮ್ಹೈಸಾಳದ ನಮ್ಮ ಪಡಸಾಲೆಯ ತುಂಬ ಅವ್ವನ ಹಳೆಯ ಸೀರೆಗಳನ್ನು ಹಾಸಿ ಕೆಲಸಕ್ಕೆ ಕುಳಿತೆ. ಸುದ್ದಿ ತಿಳಿದು ನದಿದಂಡೆಯ ಓಣಿಗಳ ಜನ ತಮ್ಮ ಮನೆಯ ಚಿತ್ರಗಳನ್ನೂ ತಂದರು. ಮುಂಬಯಿಗೆ ಹೋಗುವ ದಿನ ಮುಂದೆ ಮುಂದೆ ಹೋಯಿತು.

ಅವರಲ್ಲಿ ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿದ ಒಂದು ಚೌಕಟ್ಟು ತಂದಳು. ಒಳಗೆ ತೀರಿಹೋದ ಗಂಡನ ಚಿತ್ರ. ಮಗಳ ಮದುವೆಯಲ್ಲಿ ಅಪ್ಪನೇ ತೆಗೆದದ್ದು; ಆತನದು ಬೇರೆ ಚಿತ್ರವೇ ಇಲ್ಲ. ಅದು ಒಣಗಿ ಗಾಜಿಗೆ ಅಂಟಿಕೊಂಡು, ಬಲಗೆನ್ನೆ ಮತ್ತು ಒಂದು ಕಣ್ಣು ಅಳಿಸಿಹೋಗಿತ್ತು. ಕಿತ್ತರೆ ಉಳಿದದ್ದೂ ಹೋಗುತ್ತಿತ್ತು. ಗಾಜಿನ ಸಮೇತ ಇಟ್ಟು, ಎರಡೂ ಬದಿಗೆ ದೀಪ ಹಚ್ಚಿ ಪ್ರತಿ ತೆಗೆದೆ. ಅರ್ಧ ಮುಖ ಸ್ಪಷ್ಟವಾಗಿ ಬಂತು.

ಉಳಿದ ಅರ್ಧವನ್ನು ಬರೆದು ತುಂಬಿಸೋಣವೆಂದರು ಅಪ್ಪ. ನಾನು ಒಪ್ಪಲಿಲ್ಲ. ಇಲ್ಲದ್ದನ್ನು ಇದೆಯೆಂದು ತೋರಿಸುವುದು ಚಿತ್ರಕ್ಕೆ ಮಾಡುವ ಮೋಸವೆಂದು ನಾನು ಕಲಿತಿದ್ದೆ, ಹಾಗೆಂದು ವಾದಿಸಿದೆ. ಅಪ್ಪ ಹೇಳಿದರು: “ನೀ ಚಿತ್ರ ನೋಡಾಕತ್ತಿ. ನಾ ಆ ಮನಷ್ಯಾನ್ನ ನೋಡೇನಿ. ಆಕಿ ಅರ್ಧಾ ಮಾರಿಗೆ ಹೆಂಗ ಮಾಲಿ ಹಾಕ್ತಾಳ?”

ಅವರು ಕಪಾಟಿನಿಂದ ರಿಟಚ್ ಮಾಡುವ ಸಣ್ಣ ಕುಂಚವನ್ನು ತೆಗೆದರು. ಎರಡು ಪ್ರತಿ ಮುದ್ರಿಸಿದೆವು. ಒಂದನ್ನು ಇದ್ದಂತೆಯೇ ಬಿಟ್ಟೆವು. ಇನ್ನೊಂದರ ಮೇಲೆ ಅಪ್ಪ ಎರಡು ದಿನ ಕುಳಿತು, ತಾವು ಕಂಡಿದ್ದ ಆ ಮುಖವನ್ನು ನೆನಪಿನಿಂದ ತುಂಬಿದರು. ಬಲಹುಬ್ಬಿನ ಮೇಲೊಂದು ಗಾಯದ ಗುರುತನ್ನೂ ಬರೆದರು. ಅಜ್ಜಿ ಆ ಗುರುತಿನ ಮೇಲೆ ಬೆರಳಿಟ್ಟು, “ಇದು ಎತ್ತು ಹಾದದ್ದು” ಎಂದಳು. ಎರಡನ್ನೂ ಒಯ್ದಳು. ಪೂರ್ತಿಯಾದದ್ದು ಈಗ ಆಕೆಯ ಗೋಡೆಯ ಮೇಲಿದೆ, ಅರ್ಧದ್ದು ಟ್ರಂಕಿನಲ್ಲಿದೆ.

ಅಂದಿನ ವಾದದಲ್ಲಿ ಗೆದ್ದವರು ಯಾರೆಂದು ನಾನು ಇನ್ನೂ ತೀರ್ಮಾನಿಸಿಲ್ಲ. ದೀಪವನ್ನು ಎಲ್ಲಿಡಬೇಕೆಂದು ವಿಶ್ವವಿದ್ಯಾಲಯ ಕಲಿಸಿರದಿದ್ದರೆ ಆ ಅರ್ಧ ಮುಖವೂ ದಕ್ಕುತ್ತಿರಲಿಲ್ಲ. ಅಪ್ಪ ಆ ಮನುಷ್ಯನನ್ನು ನೆಟ್ಟಗೆ ನೋಡಿರದಿದ್ದರೆ ಇನ್ನರ್ಧ ಬರುತ್ತಿರಲಿಲ್ಲ. ನಾನು ಮುಂಬಯಿಗೆ ಹೋಗಲಿಲ್ಲ. ಮದುವೆಗಳ ಚಿತ್ರ ತೆಗೆಯುತ್ತೇನೆ. ಉಳಿದ ದಿನಗಳಲ್ಲಿ ಹಳೆಯ ಚಿತ್ರಗಳ ಪ್ರತಿ ತೆಗೆದು ಜೋಪಾನ ಮಾಡುತ್ತೇನೆ. ಅವ್ವನ ಸರವನ್ನು ಬಿಡಿಸಿಕೊಂಡು ಬರಲು ಮೂರು ವರ್ಷ ಹಿಡಿಯಿತು. ಮಕ್ಕಳನ್ನು ಇಂಥ ಓದಿಗೆ ಕಳಿಸುವ ಹಿರಿಯರು ಈ ಲೆಕ್ಕವನ್ನೂ ತಿಳಿದಿರಬೇಕು. ಪದವಿ ಕೈಗೆ ಬಂದ ಕೂಡಲೇ ಗಳಿಕೆ ಬರುವುದಿಲ್ಲ. ನೋಡುವ ಕಣ್ಣು ಬರುತ್ತದೆ; ಆ ಕಣ್ಣಿಗೆ ತಕ್ಕ ಕೆಲಸ ನಾವು ನೆನೆಸಿದ ಊರಿನಲ್ಲೇ ಸಿಗಬೇಕೆಂದಿಲ್ಲ.

ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಒಂದೇ ವಿನಂತಿ. ಇಂದು ಮನೆಗೆ ಹೋದ ಮೇಲೆ ಹಳೆಯ ಚಿತ್ರಗಳನ್ನು ತೆಗೆದು, ಹಿಂದೆ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು, ವರ್ಷ ಬರೆದಿಡಿ. ಚೌಕಟ್ಟಿನ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಸ್ವಲ್ಪ ಜಾಗ ಬಿಡಿಸಿ. ಒಂದು ಪ್ರತಿ ತೆಗೆಸಿ ಬೇರೆ ಊರಿನ ಬಂಧುಗಳ ಮನೆಯಲ್ಲಿಡಿ. ನಾವು ನದಿಯ ದಂಡೆಯ ಜನ. ಹೋದ ಸಲದ ನೀರಿನ ಗುರುತನ್ನು ನಂಬಿ ಕೂಡುವಂತಿಲ್ಲ.