ಟವೆಲ್ ಕೆಳಗೆ ಒಣಗುವ ಬಟ್ಟೆ

ರಿಕ್ಕರ್ಟನ್ನಿನ ನಮ್ಮ ಫ್ಲ್ಯಾಟಿನಲ್ಲಿ ನಾವು ನಾಲ್ವರು ಹುಡುಗಿಯರು: ಪೀಣ್ಯ, ಹಾಸನ, ಹುಬ್ಬಳ್ಳಿ, ಪುತ್ತೂರು. ಕನ್ನಡ ನಾಲ್ಕು ಥರ, ಸಾರೂ ನಾಲ್ಕು ಥರ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಚಳಿಗಾಲದಲ್ಲಿ ಹೀಟ್ ಪಂಪ್ ಮುಂದೆ ಸ್ಟ್ಯಾಂಡ್ ಇಟ್ಟು ಬಟ್ಟೆ ಒಣಗಿಸುವಾಗ ಒಳಉಡುಪಿನ ಮೇಲೆ ಟವೆಲ್ ಹೊದಿಸುತ್ತೇವೆ. ಮನೆಯಲ್ಲಿ ಗಂಡಸರೇ ಇಲ್ಲ, ಆದರೂ ಹೊದಿಸುತ್ತೇವೆ. ಹಾಗೆ ಮುಚ್ಚಿದ ಬಟ್ಟೆ ಎರಡು ದಿನವಾದರೂ ಒಣಗಲ್ಲ ಅನ್ನೋದು ಬೇರೆ ಮಾತು.

ಜುಲೈ ತಿಂಗಳ ಒಂದು ಭಾನುವಾರ ರಾತ್ರಿ ಕಂಬಳಿ ಹೊದ್ದು ‘ದಿ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ’ ನೋಡ್ತಾ ಇದ್ದೆವು. ಬಿಬಿಸಿ 2013ರಲ್ಲಿ ಶುರು ಮಾಡಿದ ಹೊಲಿಗೆ ಸ್ಪರ್ಧೆ ಇದು. ಸ್ಪರ್ಧಿಗಳು ವೃತ್ತಿಯವರಲ್ಲ, ಮನೆಯಲ್ಲಿ ಹವ್ಯಾಸಕ್ಕೆ ಹೊಲಿಯುವವರು. ಪ್ರತಿ ಕಂತಿನಲ್ಲೂ ಮೂರು ಪರೀಕ್ಷೆ: ಕೊಟ್ಟ ಪ್ಯಾಟರ್ನ್ ಪ್ರಕಾರ ಹೊಲಿಯುವುದು, ಹಳೇ ಬಟ್ಟೆಯನ್ನು ಬೇರೆ ಏನೋ ಮಾಡುವುದು, ಮಾಡೆಲ್ ಒಬ್ಬರ ಅಳತೆಗೆ ಹೊಲಿಯುವುದು. ನಾವು ಹಾಕಿದ್ದು 2016ರ ಸರಣಿಯ ಒಳಉಡುಪಿನ ವಾರ. ಎಸ್ಮೆ ಯಂಗ್ ತೀರ್ಪುಗಾರ್ತಿಯಾಗಿ ಬಂದ ವರ್ಷವೂ ಅದೇ.

ಮೊದಲ ಐದು ನಿಮಿಷ ಬರೀ ಕಿಸಕಿಸ ನಗು. ಬ್ರಾ ಕಪ್ಪನ್ನು ಹಿಡಿದುಕೊಂಡು ಗಂಡಸರೂ ಹೆಂಗಸರೂ ಗಂಭೀರವಾಗಿ ಚರ್ಚೆ ಮಾಡ್ತಾರಲ್ಲ! ನಮ್ಮೂರಿನ ಅಂಗಡಿಯಲ್ಲಿ ‘ಬಾಡಿ’ ಅಂತ ಪಿಸುಗುಟ್ಟಿ, ಪೇಪರಲ್ಲಿ ಸುತ್ತಿಸಿಕೊಂಡು ಬಂದವರು ನಾವು. ಆಮೇಲೆ ನಗು ತಾನಾಗೇ ನಿಂತಿತು. ಚೂಡಿದಾರ್ ಹೊಲಿಯುವವರಿಗೂ ಇದು ಸುಲಭವಲ್ಲ. ಬಟ್ಟೆ ಎಳೆದರೆ ಹಿಗ್ಗುತ್ತೆ, ಮಷೀನಿನ ಕೆಳಗೆ ಜಾರುತ್ತೆ. ನೇರ ಹೊಲಿಗೆ ಹಾಕಿದರೆ ತೊಟ್ಟಾಗ ದಾರ ಪಟ್ಟಂತ ಕಿತ್ತುಹೋಗುತ್ತೆ, ಅದಕ್ಕೇ ಝಿಗ್‌ಝ್ಯಾಗ್. ಎಲಾಸ್ಟಿಕ್ಕನ್ನು ಅಂಚಿಗಿಂತ ಗಿಡ್ಡ ಕತ್ತರಿಸಿ, ಒಂದೇ ಹದದಲ್ಲಿ ಎಳೆಯುತ್ತಾ ಹೊಲಿಯಬೇಕು. ಸ್ಕರ್ಟಿನಲ್ಲಿ ಅರ್ಧ ಸೆಂಟಿಮೀಟರ್ ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಆದರೆ ಸೈಜೇ ಬದಲಾಗಿಬಿಡುತ್ತೆ.

ಅಷ್ಟರಲ್ಲಿ ಪೀಣ್ಯದವಳ ಅಮ್ಮನ ವಿಡಿಯೋ ಕಾಲ್ ಬಂತು. ನಮಗೆ ರಾತ್ರಿ 9, ಅವರಿಗೆ ಮಧ್ಯಾಹ್ನ 2.30. ಅವಳು ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟಳು. ಆಂಟಿಗೆ ನಮಗಿಂತ ಟಿವಿಯೇ ಚೆನ್ನಾಗಿ ಕಾಣ್ತಿತ್ತು ಅನ್ಸುತ್ತೆ. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ, ‘ಆ ಹುಡುಗಿ ಎಲಾಸ್ಟಿಕ್ ಜಾಸ್ತಿ ಎಳೀತಾ ಇದಾಳೆ. ನೆರಿಗೆ ಬೀಳುತ್ತೆ ನೋಡ್ತಿರಿ’ ಅಂದರು. ಬಿತ್ತು.

ಪೀಣ್ಯದವಳು ತಿರುಗಿ ಕೇಳಿದಳು: ‘ನಿಂಗೆ ಹೆಂಗಮ್ಮ ಗೊತ್ತು? ನೀನು ಶರ್ಟ್ ಫ್ಯಾಕ್ಟರಿಗೆ ತಾನೆ ಹೋಗ್ತಿದ್ದಿದ್ದು?’

‘ಶರ್ಟ್ ಎಲ್ಲಿ ಬಂತು? ಹನ್ನೊಂದು ವರ್ಷ ಹೊಲಿದಿದ್ದು ಇದನ್ನೇ ಕಣೇ. ನಿಮ್ಮಪ್ಪನ ಕಡೆಯವರ ಮುಂದೆ ಇನ್ನೇನು ಹೇಳ್ಲಿ?’

ಯಾರೂ ಮಾತಾಡಲಿಲ್ಲ. ಶಾಲೆಯ ಫಾರಂಗಳಲ್ಲಿ ತಾಯಿಯ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಅಂತಲೇ ಬರೆಯುತ್ತಿದ್ದೆ ಅಂತ ಅವಳು ನಮಗೆ ಹೇಳಿದ್ದು ಅವತ್ತು ಮಲಗುವ ಹೊತ್ತಿಗೆ. ಗಾರ್ಮೆಂಟ್ಸ್ ಅಂತ ಬರೆಯಲು ಅವಳಿಗೂ ನಾಚಿಕೆಯೇ. ಅಮ್ಮ ಮಗಳು ಇಬ್ಬರೂ ಒಂದೇ ಕೆಲಸವನ್ನು ಬೇರೆ ಬೇರೆ ಸುಳ್ಳಿನಲ್ಲಿ ಮುಚ್ಚಿಟ್ಟಿದ್ದರು.

ಆಂಟಿ ಮಾತ್ರ ಟಿವಿಯಿಂದ ಕಣ್ಣು ತೆಗೆದಿರಲಿಲ್ಲ. ‘ಒಬ್ಬಳೇ ಪೂರ್ತಿ ಪೀಸ್ ಹೊಲೀತಾಳಾ?’ ಅಂತ ಎರಡು ಸಲ ಕೇಳಿದರು. ಅವರ ಲೈನಿನಲ್ಲಿ ಒಬ್ಬರಿಗೆ ಕಪ್ ಜೋಡಿಸುವುದು, ಒಬ್ಬರಿಗೆ ತಂತಿ ಕೂರುವ ಪಟ್ಟಿ, ಇನ್ನೊಬ್ಬರಿಗೆ ಹುಕ್ಕು. ಆಂಟಿಯದು ಹೆಗಲ ಪಟ್ಟಿಗೆ ಬಾರ್‌ಟ್ಯಾಕ್ ಹಾಕುವುದು, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ‘ಎಷ್ಟು ಸಾವಿರ ಬಾಡಿ ನನ್ನ ಕೈ ದಾಟಿ ಹೋದವೋ! ಒಂದನ್ನಾದರೂ ಮೊದಲಿಂದ ಕೊನೇವರೆಗೂ ನಾನೇ ಹೊಲಿದಿಲ್ಲ.’

2016ರ ಏಪ್ರಿಲ್‌ನಲ್ಲಿ, ಅಂದರೆ ಬ್ರಿಟನ್ನಿನಲ್ಲಿ ಈ ಕಂತು ಪ್ರಸಾರವಾಗೋದಕ್ಕೆ ಸ್ವಲ್ಪ ಮುಂಚೆ, ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದಿದ್ದರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗೋವರೆಗೂ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ. 18, 19ನೇ ತಾರೀಕು ಎರಡೇ ದಿನ. 19ಕ್ಕೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆಂಟಿಯೂ ಹೋಗಿದ್ದರಂತೆ. ಮಗಳಿಗೆ ಆಗ ‘ಬಸ್ ಇರಲಿಲ್ಲ, ಅದಕ್ಕೇ ಲೇಟು’ ಅಂದಿದ್ದರು. ಕೆಲಸ ಬಿಟ್ಟ ಮೇಲೆ ಅದೇ ಪಿಎಫ್ ದುಡ್ಡು ಅವಳ ಇಂಜಿನಿಯರಿಂಗ್ ಮೊದಲ ವರ್ಷದ ಫೀಸಿಗೆ ಹೋಯಿತು.

ಟಿವಿಯಲ್ಲಿ ಯಾರು ಗೆದ್ದರೋ ನಾವು ನೋಡಲೇ ಇಲ್ಲ. ಪುತ್ತೂರಿನವಳು ಮೆಲ್ಲಗೆ, ‘ಆಂಟಿ, ನನ್ನದೊಂದರ ತಂತಿ ಹೊರಗೆ ಬಂದು ಚುಚ್ತದೆ. ಇಲ್ಲಿ ಹೊಸತಕ್ಕೆ ತುಂಬಾ ರೇಟು. ಏನು ಮಾಡುವುದು?’ ಅಂದಳು. ‘ಎಸೀಬೇಡಮ್ಮ. ಟಿವಿ ಆರಿಸಿ, ಅದನ್ನ ತಗೊಂಬಾ. ಸೂಜಿ ಇದೆಯಾ?’

ಬ್ರಾ ಇತ್ತು, ಟವೆಲ್ ಕೆಳಗೆ. ನಾಲ್ಕು ಜನ ಇರುವ ಮನೆಯಲ್ಲಿ ಒಂದು ಸೂಜಿ ಇರಲಿಲ್ಲ. ಮರುದಿನ ಸೂಜಿ ದಾರ ತಂದು, ಆಂಟಿ ಹೇಳಿದ ಹಾಗೆ ತಂತಿಯನ್ನು ಪಟ್ಟಿಯೊಳಗೆ ತಳ್ಳಿ, ಬಾಯಿಗೆ ಅಡ್ಡಡ್ಡ ಹತ್ತು ಹೊಲಿಗೆ ಹಾಕಿ, ಫೋಟೋ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಆಂಟಿಯ ವಾಯ್ಸ್ ಮೆಸೇಜ್ ಬಂತು.

‘ಚೆಕಿಂಗ್‌ನಲ್ಲಿ ಪಾಸ್ ಆಗಲ್ಲ ಕಣ್ರಮ್ಮ. ಮನೆಗೆ ಪರವಾಗಿಲ್ಲ.’