ಎರಡು ಒಲೆಯ ಪೆಟ್ಟಿಗೆ

ಗಿಟಾರಿನ ಎರಡು ಪೆಡಲುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸುವುದು ಸುಲಭ ಅನ್ನುವವರು ಜರ್ಮೇನಿಯಂ ಜೊತೆ ಸಂಸಾರ ಮಾಡಿದವರಲ್ಲ. ನನ್ನ ಹತ್ತಿರ ಇದ್ದವು ಒಂದು ಫಝ್, ಒಂದು ಆಕ್ಟೇವ್. ಫಝ್ ತಂತಿಯ ಸ್ವರವನ್ನು ಹರಿದು ಗೊಗ್ಗರು ಮಾಡುತ್ತದೆ. ಆಕ್ಟೇವ್ ಆ ಸ್ವರದ ಬೆನ್ನಿಗೇ ತಾರಸಪ್ತಕದ ಸ್ವರವನ್ನೂ ಎಬ್ಬಿಸುತ್ತದೆ. ಇವೆರಡರ ನಡುವಿನ ಗೇಣುದ್ದದ ವೈರನ್ನು ಪ್ರತಿ ಕಾರ್ಯಕ್ರಮದಲ್ಲೂ ಯಾರಾದರೂ ಎಡವಿ ಕೀಳುತ್ತಿದ್ದರು, ಹೆಚ್ಚಾಗಿ ನಮ್ಮ ಹಾಡುಗಾರನೇ.

ಫಝ್ ಹುಟ್ಟಿದ್ದೇ ಕೆಟ್ಟುಹೋದ ಯಂತ್ರದಿಂದ. 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸನ ಹಾಡೊಂದಕ್ಕೆ ನ್ಯಾಶ್‌ವಿಲ್‌ನಲ್ಲಿ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದಾಗ ಮಿಕ್ಸರಿನೊಳಗೆ ಟ್ರಾನ್ಸ್‌ಫಾರ್ಮರ್ ಕೈಕೊಟ್ಟು ಸ್ವರ ಗೊರಗುಟ್ಟಿತು. ಎಂಜಿನಿಯರ್ ಗ್ಲೆನ್ ಸ್ನಾಡಿಗೆ ಆ ಗೊರಗೊರವೇ ಹಿಡಿಸಿತು. ಟ್ರಾನ್ಸಿಸ್ಟರಿನಿಂದ ಅದನ್ನೇ ಬರಿಸುವ ಸರ್ಕಿಟ್ ಕಟ್ಟಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮಾಯೆಸ್ಟ್ರೊ ಫಝ್-ಟೋನ್ ಎಂದು ಮಾರಾಟಕ್ಕಿಟ್ಟಿತು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ದುಂಡನೆಯ ಫಝ್ ಫೇಸ್‌ಗೆ ಎರಡೇ ಜರ್ಮೇನಿಯಂ ಟ್ರಾನ್ಸಿಸ್ಟರು ಸಾಕಾಗಿತ್ತು. ನಾನು ಕಟ್ಟಿದ್ದು ಅದರ ಸರ್ಕಿಟ್ಟನ್ನೇ.

ಅದಕ್ಕೆ ಹೊಂದುವ ಎಸಿ128 ಟ್ರಾನ್ಸಿಸ್ಟರನ್ನು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಮಾಡುತ್ತಿತ್ತು. ನನ್ನ ಜೋಡಿ ಸಿಕ್ಕಿದ್ದು ಖಾನಾಪುರದ ಅಜ್ಜನ ರೇಡಿಯೊದಲ್ಲಿ. ಅಜ್ಜ ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು. ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆಯವರಂಥ ದೊಡ್ಡವರಿದ್ದ ಸೀಮೆ ಇದು. ಇಲ್ಲಿಯ ಪೇಟಿಯವರಿಗೆ ಅದೆಷ್ಟು ಉರಿದಿರಬೇಕು! ಅಜ್ಜ ಬೈಯುತ್ತಲೇ ಧಾರವಾಡ ಕೇಂದ್ರ ಹಚ್ಚುತ್ತಿದ್ದರು.

ಜರ್ಮೇನಿಯಂಗೆ ಸೆಖೆ ಆಗಿಬರುವುದಿಲ್ಲ. ಬಿಸಿಯೇರಿದಂತೆ ಒಳಗೊಳಗೇ ಕರೆಂಟು ಸೋರಿ ಸ್ವರ ಕೆಡುತ್ತದೆ. ಬೆಳಗಾವಿಯ ಹವೆ ಅದಕ್ಕೆ ಹೇಳಿ ಮಾಡಿಸಿದ್ದು, ಏಪ್ರಿಲ್ ಒಂದು ಬಿಟ್ಟರೆ.

ಆಕ್ಟೇವಿನ ಗುಟ್ಟು ಯಾವ ಎಲೆಕ್ಟ್ರಿಷಿಯನ್ನನಿಗೂ ಗೊತ್ತು. ಮನೆಗೆ ಬರುವ 50 ಹರ್ಟ್ಸಿನ ಕರೆಂಟನ್ನು ಡಯೋಡುಗಳಿಂದ ಹಾಯಿಸಿ, ಕೆಳಗಿಳಿಯುವ ಅರ್ಧ ಅಲೆಯನ್ನು ಮೇಲಕ್ಕೆ ಮಡಿಸಿದರೆ 100 ಹರ್ಟ್ಸಿನ ಏರಿಳಿತ ಬರುತ್ತದೆ. ತಂತಿಯ ಸ್ವರಕ್ಕೂ ಇದನ್ನೇ ಮಾಡಿದರೆ ಮಧ್ಯ ಷಡ್ಜ ತಾರ ಷಡ್ಜವಾಗುತ್ತದೆ. ಬ್ರಿಟಿಷ್ ನೌಕಾದಳದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ರೋಜರ್ ಮೇಯರ್ ಜಿಮಿ ಹೆಂಡ್ರಿಕ್ಸ್‌ಗೆ ಕಟ್ಟಿಕೊಟ್ಟ ಆಕ್ಟೇವಿಯಾದಲ್ಲಿ ಫಝ್ ಮತ್ತು ಈ ಮಡಿಕೆ ಎರಡೂ ಒಂದೇ ಡಬ್ಬಿಯಲ್ಲಿದ್ದವು. 1967ರ ‘ಪರ್ಪಲ್ ಹೇಝ್’ನಲ್ಲಿ ಅದು ಕಿರುಚುವುದನ್ನು ಕೇಳಬಹುದು.

ಹಾಗಾದರೆ ನನ್ನವೂ ಒಂದಾಗಲಿ ಎಂದು ಹೊರಟರೆ ತಕರಾರು ಬಂದದ್ದು ನೆಲದಲ್ಲಿ, ಅಂದರೆ ಸರ್ಕಿಟ್ಟಿನ ಗ್ರೌಂಡಿನಲ್ಲಿ. ಎಸಿ128ರ ಫಝ್‌ಗೆ ಬ್ಯಾಟರಿಯ ಪ್ಲಸ್ಸೇ ನೆಲ. ಸಿಲಿಕಾನಿನ ಆಕ್ಟೇವಿಗೆ ಮೈನಸ್ಸು ನೆಲ. ಗಿಟಾರಿನ ವೈರು ಎರಡರ ನೆಲವನ್ನೂ ಕೂಡಿಸಿಬಿಡುತ್ತದೆ. ಅಲ್ಲಿಗೆ ಒಂದೇ ಅಡಾಪ್ಟರು ಹಚ್ಚಿದಿರೋ, ಪ್ಲಸ್ಸೂ ಮೈನಸ್ಸೂ ತಬ್ಬಿಕೊಂಡು ಶಾರ್ಟು. ಕೂಡಿದ ಮನೆಯ ಅಣ್ಣತಮ್ಮಂದಿರ ಹಾಗೆ ಒಂದೇ ಸೂರಿನಡಿ ಒಲೆ ಬೇರೆ ಮಾಡಿದೆ: ಆಕ್ಟೇವಿಗೆ ಅಡಾಪ್ಟರು, ಫಝ್‌ಗೆ ತನ್ನದೇ 9 ವೋಲ್ಟಿನ ಬ್ಯಾಟರಿ. ಫಝ್ ಒಂದು ಮಿಲಿಯಾಂಪಿನ ಆಸುಪಾಸಿನಲ್ಲೇ ಬದುಕುವ ಮಿತಾಹಾರಿ, ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ. ಸರತಿಯಲ್ಲಿ ಫಝ್ ಮೊದಲು, ಆಕ್ಟೇವ್ ಆಮೇಲೆ.

ಇನ್ನು ಪೆಟ್ಟಿಗೆ. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಯಂತ್ರದ ಬಿಡಿಭಾಗಗಳನ್ನು ರಾಶಿಗಟ್ಟಲೆ ಎರಕ ಹೊಯ್ಯುವವರಿಗೆ ನನ್ನ ಒಂದೇ ಒಂದು ಡಬ್ಬಿ ಚಹಾದ ಹೊತ್ತಿನ ತಮಾಷೆಯಾಯಿತು. ಕೊನೆಗೆ ಒಬ್ಬರು ಅಲ್ಯೂಮಿನಿಯಂ ತಗಡು ಕತ್ತರಿಸಿ, ಕಾಲಿನ ಸ್ವಿಚ್ಚುಗಳಿಗೆ ತೂತು ಕೊರೆದು, ದುಡ್ಡು ಬೇಡ ಅಂದರು. ಮರದ ಮುಚ್ಚಳವಾಗಿದ್ದರೆ ಸ್ವಿಚ್ಚಿನ ಕುತ್ತಿಗೆಗೆ ನಟ್ಟು ನಿಲುಕುತ್ತಿರಲಿಲ್ಲ. ನಾಲ್ಕು ಬದಿಗೆ ಮಾತ್ರ ಸಾಗವಾನಿ. ಪೇಟಿ ರಿಪೇರಿಯನ್ನೂ ಮಾಡುವ ಬಡಿಗ, ಖಾನಾಪುರದ ನನ್ನ ಸೋದರಮಾವ ಜೋಡಿಸಿಕೊಟ್ಟರು. ಕಟ್ಟಿಗೆ ಲೈನಿನ ಗುಂಯ್‌ಗಾಟವನ್ನು ತಡೆಯದು. ಒಳಮೈಗೆಲ್ಲ ತಾಮ್ರದ ಹಾಳೆ ಅಂಟಿಸಿ ನೆಲಕ್ಕೆ ಬೆಸೆದೆ.

ಮಾವನ ಪಡಸಾಲೆಯಲ್ಲೇ ಆಂಪ್ಲಿಫೈಯರ್ ಹಚ್ಚಿ ಹನ್ನೆರಡನೆಯ ಫ್ರೆಟ್ಟಿನ ಮೇಲೆ ನುಡಿಸಿದೆ. ಆಕ್ಟೇವ್ ಚೊಕ್ಕವಾಗಿ ಕೇಳುವುದು ಅಲ್ಲೇ. ಕಿವಿಗೆ ಕೈ ಹಚ್ಚಿಕೊಂಡಿದ್ದ ಮಾವ ಥಟ್ಟನೆ ಕೈ ತೆಗೆದರು.

“ಇದು ಕಪ್ಲರ್ ಅಲ್ಲೇನೋ ಅಳಿಯಾ?”

ಪೇಟಿಯಲ್ಲಿ ಕಪ್ಲರ್ ಎಳೆದರೆ ಒಂದು ಪಟ್ಟಿ ಒತ್ತಿದಾಗ ಅದರ ಸಪ್ತಕದ ಜೊತೆಪಟ್ಟಿಯೂ ತಾನಾಗಿ ಬಾಗುತ್ತದೆ. ಹೌದು ಮಾಮಾ ಅಂದೆ, ಕೆಲಸ ಅದರದೇ.

“ಅದಕ್ಕ ಗಾಳಿ ಭಾಳ ಬೇಕು, ತಿದಿ ಒತ್ತಿ ಒತ್ತಿ ಕೈ ಸೋಲ್ತೈತಿ. ಇದಕ್ಕ?”

“ಇದಕ್ಕೇನೂ ಬೇಡ.”

“ಹಂಗಾರ ಯಾವಾಗ ಬಂದ್ ಮಾಡ್ಬೇಕಂತ ನಿನಗ ಹೆಂಗ ತಿಳೀತೈತಿ?” ಎಂದವರೇ ಬಗ್ಗಿ, ಬಲಗಡೆಯ ಸ್ವಿಚ್ಚನ್ನು ತಾವೇ ಒತ್ತಿದರು.